ಲಂಡನ್ನಿನ ತೀರ್ಪಿನಲ್ಲಿ ನಮ್ಮ ಊರಿಗಾಂ

ದ್ವಿತೀಯ ಪಿಯುಸಿ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ನಮ್ಮ ಕಾಮರ್ಸ್ ತರಗತಿಯಲ್ಲಿ ಬಹಳ ಜನ 'ಸಿಎ' ಎನ್ನುತ್ತಾರೆ. ಈಚೆಗೆ ಅದರ ಜೊತೆಗೆ ಎಸಿಸಿಎ, ಯುಎಸ್ ಸಿಎಂಎ ಎಂಬ ಹೆಸರುಗಳೂ ಕೇಳಿಬರುತ್ತಿವೆ. 'ಇಂಟರ್‌ನ್ಯಾಷನಲ್ ಕೋರ್ಸ್' ಎಂದ ಕೂಡಲೇ ಮನೆಯವರಿಗೆ ದುಬೈ, ದೋಹಾ ನೆನಪಾಗುತ್ತದೆ. ಫೀಸಿಗೆ ಸಾಲ ಮಾಡಲೂ ತಯಾರಾಗುತ್ತಾರೆ. ಹಣ ಕಟ್ಟುವ ಮೊದಲು ಈ ಹೆಸರುಗಳ ಹಿಂದೆ ಯಾರಿದ್ದಾರೆ, ಅವರು ಕೊಡುವ ಸರ್ಟಿಫಿಕೇಟಿನಿಂದ ಯಾವ ಕೆಲಸ ಮಾಡಬಹುದು, ಯಾವುದನ್ನು ಮಾಡಲಾಗದು ಎಂದು ತಿಳಿದಿರಬೇಕು.

ಇವುಗಳನ್ನು ನಡೆಸುವುದು ಕಾಲೇಜುಗಳೂ ಅಲ್ಲ, ಟ್ಯೂಷನ್ ಸೆಂಟರುಗಳೂ ಅಲ್ಲ. ಇವು ವೃತ್ತಿ ಸಂಸ್ಥೆಗಳು. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ ಲೆಕ್ಕಪತ್ರದವರಿಗೆ ಇವು. ಪರೀಕ್ಷೆ ಮಾಡಿ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತವೆ, ಸೇರಿಸಿಕೊಂಡ ಮೇಲೂ ತರಬೇತಿ ಕೊಡುತ್ತವೆ, ತಪ್ಪು ಮಾಡಿದವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತವೆ. ಈ ಕೊನೆಯ ಅಧಿಕಾರವೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಇಂಥ ಸಂಸ್ಥೆ ಯಾಕೆ ಬೇಕು ಎಂಬುದಕ್ಕೆ ಉದಾಹರಣೆ ನಮ್ಮ ಊರಿನ ಮಣ್ಣಿನಲ್ಲೇ ಇದೆ. ಕೋಲಾರ ಚಿನ್ನದ ಗಣಿಯ ಕಂಪನಿಗಳು ನೋಂದಣಿಯಾಗಿದ್ದು ಲಂಡನ್ನಿನಲ್ಲಿ. ಷೇರು ಕೊಂಡವರಲ್ಲಿ ಹೆಚ್ಚಿನವರು ಗಣಿಯ ಬಾಯಿಯನ್ನೂ ಕಂಡವರಲ್ಲ. ಎಷ್ಟು ಚಿನ್ನ ಬಂತು, ಎಷ್ಟು ಖರ್ಚಾಯಿತು ಎಂಬುದು ಅವರಿಗೆ ತಿಳಿಯುತ್ತಿದ್ದುದು ಕಾಗದದ ಮೇಲಿನ ಲೆಕ್ಕದಿಂದ ಮಾತ್ರ. ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಯ ಗಣಿಗೆ ಕೈಹಾಕಿದ್ದು 1880ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ರಾಣಿಯ ಸನ್ನದು ಸಿಕ್ಕಿದ್ದೂ ಅದೇ 1880ರಲ್ಲಿ. ಎರಡಕ್ಕೂ ನೇರ ಸಂಬಂಧವಿಲ್ಲ, ಆದರೆ ಕಾಲ ಒಂದೇ: ದೂರದಲ್ಲಿ ಕೂತು ಹಣ ಹೂಡುವವರು ಹೆಚ್ಚಿದಂತೆ ನಂಬಬಹುದಾದ ಲೆಕ್ಕಿಗರೂ ಬೇಕಾದರು.

ಈಗ ನಮ್ಮ ಅಕೌಂಟೆನ್ಸಿ ಪುಸ್ತಕದ 'ಷೇರುಗಳ ನೀಡಿಕೆ' ಅಧ್ಯಾಯಕ್ಕೆ ಬನ್ನಿ. ಷೇರನ್ನು ಮುಖಬೆಲೆಗೆ ಕೊಡಬಹುದು, ಪ್ರೀಮಿಯಂಗೆ ಕೊಡಬಹುದು, ಡಿಸ್ಕೌಂಟಿಗೆ ಮಾತ್ರ ಕೊಡುವಂತಿಲ್ಲ ಎಂದು ಓದುತ್ತೇವೆ. 2013ರ ಕಂಪನಿ ಕಾಯ್ದೆಯ 53ನೇ ಸೆಕ್ಷನ್ ಇದು. ಸ್ವೆಟ್ ಈಕ್ವಿಟಿಯಂಥ ಕೆಲವು ವಿನಾಯಿತಿ ಮಾತ್ರ ಇದೆ. ಈ ನಿಯಮ ಗಟ್ಟಿಯಾಗಿದ್ದು ಯಾವ ಕೇಸಿನಿಂದ ಗೊತ್ತೇ? 'ಊರಿಗಾಂ ಗೋಲ್ಡ್ ಮೈನಿಂಗ್ ಕಂಪನಿ ಆಫ್ ಇಂಡಿಯಾ ವಿರುದ್ಧ ರೋಪರ್'. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1892ರಲ್ಲಿ ಕೊಟ್ಟ ತೀರ್ಪು. ನಾವು ದಿನಾ ರೈಲು ಹತ್ತುವ ಊರಿಗಾಮೇ!

ಕಥೆ ಹೀಗೆ. ಕಂಪನಿ ಕಷ್ಟದಲ್ಲಿತ್ತು, ಹಣ ಬೇಕಿತ್ತು. 1 ಪೌಂಡ್ ಮುಖಬೆಲೆಯ ಷೇರಿಗೆ ಪೇಟೆಯಲ್ಲಿ ಸಿಗುತ್ತಿದ್ದುದು ಎರಡೂವರೆ ಷಿಲಿಂಗ್. ಆಗ 1 ಪೌಂಡಿಗೆ 20 ಷಿಲಿಂಗ್, ಅಂದರೆ ಎಂಟರಲ್ಲಿ ಒಂದು ಭಾಗ. ಆ ಸ್ಥಿತಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಹೊಸ ಷೇರು ಯಾರು ಕೊಳ್ಳುತ್ತಾರೆ? ಆದ್ದರಿಂದ ಕಂಪನಿ 1 ಪೌಂಡಿನ ಪ್ರಿಫರೆನ್ಸ್ ಷೇರುಗಳನ್ನು ಹೊರಡಿಸಿ, '15 ಷಿಲಿಂಗ್ ಆಗಲೇ ಬಂದಿದೆ' ಎಂದು ಬರೆದುಕೊಂಡು, ಉಳಿದ 5 ಷಿಲಿಂಗ್ ಮಾತ್ರ ಕೇಳಿತು. ಹಣ ಬಂತು, ಮುಂದೆ ಗಣಿಯೂ ಚೆನ್ನಾಗಿ ನಡೆಯಿತು. ಆಗ ರೋಪರ್ ಎಂಬ ಸಾಮಾನ್ಯ ಷೇರುದಾರ ಕೋರ್ಟಿಗೆ ಹೋದ. ಮೋಸದ ಉದ್ದೇಶವಿರಲಿಲ್ಲ, ಆ ಹಣದಿಂದ ಕಂಪನಿಗೆ ಒಳ್ಳೆಯದೇ ಆಯಿತು. ಆದರೂ ಲಾರ್ಡ್ಸ್ ಒಪ್ಪಲಿಲ್ಲ. ಬಾರದ 15 ಷಿಲಿಂಗನ್ನು ಬಂದಿದೆ ಎಂದು ಬರೆಯುವ ಅಧಿಕಾರ ಕಂಪನಿಗೆ ಇಲ್ಲ. ಷೇರು ಪಡೆದವರು ಬಾಕಿಯನ್ನು ಕೊಡುವ ಹೊಣೆ ಹೊರಬೇಕು ಎಂದು ತೀರ್ಪಾಯಿತು. ಕಂಪನಿಗೆ ಸಾಲ ಕೊಡುವವನು ಬಂಡವಾಳದ ಅಂಕಿ ನೋಡಿ ಕೊಡುತ್ತಾನೆ, ಆ ಅಂಕಿಯ ಹಿಂದೆ ನಿಜವಾದ ಹಣ ಇರಬೇಕು.

ನಮ್ಮ ದೇಶದಲ್ಲಿ ಈ ಕೆಲಸದ ಹೊಣೆ ಹೊತ್ತ ಸಂಸ್ಥೆ ಐಸಿಎಐ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಅದೇ ವರ್ಷ ಜುಲೈ 1ರಂದು ಶುರುವಾಯಿತು. ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತ, ನಡುವೆ ಒಬ್ಬ ಸಿಎ ಕೈಕೆಳಗೆ ಆರ್ಟಿಕಲ್‌ಶಿಪ್. ಮೊದಲು ಇದು 3 ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ 2 ವರ್ಷ. ಇದು ಉಸ್ತಾದರ ಕೈಕೆಳಗೆ ಕೆಲಸ ಕಲಿತ ಹಾಗೆ. ಸ್ಟೈಪೆಂಡ್ ಬೇರೆ ಸಿಗುತ್ತದೆ. ಸದಸ್ಯರಾದ ಮೇಲೂ ಓದು ಮುಗಿಯುವುದಿಲ್ಲ. ವೃತ್ತಿ ನಡೆಸುವ ಸಿಎ 3 ವರ್ಷದಲ್ಲಿ 120 ಗಂಟೆ ಕಲಿಕೆ ತೋರಿಸಬೇಕು. ಬೆಂಗಳೂರು ಶಾಖೆಯಲ್ಲಿ ಜಿಎಸ್‌ಟಿ, ಆಡಿಟ್ ಬಗ್ಗೆ ನಡೆಯುವ ಸೆಮಿನಾರುಗಳು ಇದಕ್ಕೇ. 2014–15ರಲ್ಲಿ ಇಡೀ ಸಂಸ್ಥೆಗೆ ಅಧ್ಯಕ್ಷರಾಗಿದ್ದ ಕೆ. ರಘು ಅವರೂ ಬೆಂಗಳೂರಿನವರೇ.

ಅಂತರರಾಷ್ಟ್ರೀಯ ಎಂಬ ಮಾತು ಸಿಎಗೂ ಅನ್ವಯಿಸುತ್ತದೆ. ಜಗತ್ತಿನ ಲೆಕ್ಕಿಗರ ಮಹಾ ಸಮ್ಮೇಳನ ಮೊದಲು ನಡೆದದ್ದು 1904ರಲ್ಲಿ, ಅಮೆರಿಕದ ಸೇಂಟ್ ಲೂಯಿಯಲ್ಲಿ. 118 ವರ್ಷಗಳ ನಂತರ, 2022ರ ನವೆಂಬರ್ 18ರಿಂದ 21ರವರೆಗೆ, ಮೊದಲ ಸಲ ಭಾರತದಲ್ಲಿ, ಮುಂಬೈಯಲ್ಲಿ ನಡೆಯಿತು, ಆತಿಥ್ಯ ಐಸಿಎಐಯದು. ದುಬೈ, ಅಬುಧಾಬಿ, ದೋಹಾ, ಮಸ್ಕತ್ತಿನಲ್ಲಿ ಅದರ ಚಾಪ್ಟರುಗಳಿವೆ, ಪರೀಕ್ಷಾ ಕೇಂದ್ರಗಳೂ ಇವೆ. ಕೊಲ್ಲಿಯಲ್ಲಿ ಮಾಮುವೋ ಖಾಲುವೋ ಇರುವ ಮನೆಗಳು ನಮ್ಮ ಕಾಲೇಜಿನಲ್ಲಿ ಬಹಳ ಇರುವುದರಿಂದ ಇದನ್ನು ಹೇಳಿದೆ. ಇಂಗ್ಲೆಂಡ್ ಮತ್ತು ವೇಲ್ಸಿನ ಸಂಸ್ಥೆಯ ಜೊತೆಗೂ ಸಿಪಿಎ ಆಸ್ಟ್ರೇಲಿಯಾ ಜೊತೆಗೂ ಅದು ಒಪ್ಪಂದ ಮಾಡಿಕೊಂಡಿದೆ.

ಎಸಿಸಿಎ ಲಂಡನ್ನಿನಲ್ಲಿ 1904ರಲ್ಲಿ ಎಂಟು ಜನ ಸೇರಿ ಕಟ್ಟಿದ ಸಂಘ. ಒಳ್ಳೆಯ ಸಂಸ್ಥೆ, ಬೆಂಗಳೂರಿನ ವಿದೇಶಿ ಕಂಪನಿಗಳ ಕಚೇರಿಗಳಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಭಾರತದ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಹಕ್ಕು ಅದರಿಂದ ಬರುವುದಿಲ್ಲ. ಕಂಪನಿ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ ಆಡಿಟರ್ ಆಗುವವರು ಚಾರ್ಟರ್ಡ್ ಅಕೌಂಟೆಂಟೇ ಆಗಿರಬೇಕು. ಸಿಎಂಎ ಎಂಬುದು ಎರಡಿವೆ: ಒಂದು 1959ರ ಭಾರತೀಯ ಕಾಯ್ದೆಯಡಿಯ ಕಾಸ್ಟ್ ಅಕೌಂಟೆಂಟರ ಸಂಸ್ಥೆಯದು, ಇನ್ನೊಂದು ಅಮೆರಿಕದ ಐಎಂಎ ಎಂಬ ಸಂಸ್ಥೆಯದು. ಸೇರಿಸುವವರು 'ಸಿಎಂಎ' ಎಂದಷ್ಟೇ ಹೇಳಿದರೆ ಯಾವುದು ಎಂದು ಕೇಳಿ.

ಐಎಂಎ ಎಂದ ಕೂಡಲೇ ನಮ್ಮ ಜಿಲ್ಲೆಯ ಹಿರಿಯರ ಮುಖ ಬದಲಾಗುವುದು ಸಹಜ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಅಮೆರಿಕದ ಸಂಸ್ಥೆಯಲ್ಲ, ಅಕ್ಷರ ಮಾತ್ರ ಒಂದೇ. ಬಡ್ಡಿಯಿಲ್ಲದ ಹಲಾಲ್ ಲಾಭ ಎಂದು ನಂಬಿಸಿ ಜನರಿಂದ ಹಣ ಪಡೆದು 2019ರ ಜೂನ್‌ನಲ್ಲಿ ಅದು ಬಿದ್ದಿತು. ಹಣ ಹಾಕಿದ್ದವರಲ್ಲಿ ಹೆಚ್ಚಿನವರು ಮುಸ್ಲಿಮರು. ಲಾಭ ಎಲ್ಲಿಂದ ಬರುತ್ತಿದೆ, ಲೆಕ್ಕ ಯಾರು ನೋಡಿದ್ದಾರೆ ಎಂದು ಕೇಳಬಲ್ಲವರು ಮನೆಗೊಬ್ಬರು ಇದ್ದಿದ್ದರೆ ಎಂದು ನಾನು ಯೋಚಿಸುತ್ತೇನೆ.

ಬಡ್ಡಿಯ ಲೆಕ್ಕ ಬರೆಯುವ ಕೆಲಸ ನಮಗೆ ಸರಿಯೇ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಅದಕ್ಕೆ ಉತ್ತರ ಆಲಿಮರು ಹೇಳಬೇಕು, ನಾನಲ್ಲ. ಇಸ್ಲಾಮಿಕ್ ಬ್ಯಾಂಕುಗಳ ಲೆಕ್ಕಕ್ಕೆ ಮಾನದಂಡ ಬರೆಯುವ ಆಯೋಫಿ ಎಂಬ ಸಂಸ್ಥೆಯೂ ಇದೆ ಎಂಬುದನ್ನು ಮಾತ್ರ ಹೇಳುತ್ತೇನೆ. 1991ರಿಂದ ಬಹರೈನ್‌ನಲ್ಲಿದೆ, ಅಕೌಂಟೆಂಟರಿಗೆ ತನ್ನದೇ ಪರೀಕ್ಷೆ ನಡೆಸುತ್ತದೆ, ಷರಿಯತ್ ಸಮ್ಮೇಳನಗಳನ್ನೂ ಏರ್ಪಡಿಸುತ್ತದೆ.

ಸಿಎ ಫೌಂಡೇಷನ್‌ಗೆ ಎಸ್‌ಎಸ್‌ಎಲ್‌ಸಿ ಮುಗಿಸಿದವರು ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಪಿಯುಸಿ ಪರೀಕ್ಷೆಯ ನಂತರ. 4 ಪೇಪರ್, ಪ್ರತಿಯೊಂದರಲ್ಲಿ ಶೇ 40, ಒಟ್ಟಿನಲ್ಲಿ ಶೇ 50 ಬರಬೇಕು. ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಉರ್ದು, ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷನ್ನು ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಬೇಕು. ಮೇ ಪರೀಕ್ಷೆಗೆ ಕೂರುವವರ ನೋಂದಣಿ ಜನವರಿ 1ರೊಳಗೆ ಆಗಿರಬೇಕು, ಸೆಪ್ಟೆಂಬರ್ ಪರೀಕ್ಷೆಗೆ ಮೇ 1ರೊಳಗೆ.