ಪ್ರಮಾಣ ಶ್ರುತಿ: ಎಂಬತ್ತೊಂದಕ್ಕೂ ಎಂಬತ್ತಕ್ಕೂ ನಡುವಣ ಅಂತರ

ಕೆಲವು ವರ್ಷಗಳ ಹಿಂದೆ ರಾಯಬಾಗದ ಸಮೀಪದ ಹಳ್ಳಿಯೊಂದರಲ್ಲಿ ಭಜನೆ ನಡೆದಿತ್ತು. ತಂಬೂರಿ ಮೀಟುತ್ತ ಹಾಡುತ್ತಿದ್ದ ವೃದ್ಧರು ಪದವನ್ನು ಅರ್ಧಕ್ಕೇ ನಿಲ್ಲಿಸಿ, ಪೇಟಿ ನುಡಿಸುತ್ತಿದ್ದ ತರುಣನ ಕಡೆಗೆ ತಿರುಗಿ, “ತಮ್ಮಾ, ಪೇಟಿ ಸ್ವಲ್ಪ ಬಂದ್ ಮಾಡು. ಗಂಧಾರ ಒಂದ ಕೂದಲೆಳಿ ಏರೇತಿ” ಎಂದರು. ತರುಣನು ಸಂಕೋಚದಿಂದ, “ಇಲ್ಲರೀ ಅಜ್ಜಾರ, ಮೊನ್ನೆನ ಸುರ ಕೂಡಿಸಿಕೊಂಡ ಬಂದೇನ್ರಿ” ಎಂದನು. ನೆರೆದವರು ನಕ್ಕರು, ಪದ ಮುಂದುವರಿಯಿತು. ಆದರೆ ಭೌತವಿಜ್ಞಾನವನ್ನು ಬೋಧಿಸುವ ನನಗೆ ಆ ಮಾತು ಮರೆಯಲಿಲ್ಲ. ಅಜ್ಜನವರ ಕಿವಿಯೂ ಸರಿಯಾಗಿತ್ತು, ತರುಣನ ಪೇಟಿಯೂ ಸರಿಯಾಗಿತ್ತು. ಇಬ್ಬರೂ ಸರಿಯಾಗಿದ್ದು ಸ್ವರ ಮಾತ್ರ ಕೂಡದೆ ಹೋಗುವುದು ಹೇಗೆ? ಇದನ್ನು ಇಲ್ಲಿ ವಿಚಾರಿಸೋಣ.

ಸ್ವರವೆಂದರೆ ಕಂಪನ. ಲೆಕ್ಕಕ್ಕೆ ಅನುಕೂಲವಾಗುವಂತೆ ಮಧ್ಯ ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಳ್ಳುವುದು ನಮ್ಮ ಸಂಗೀತಗ್ರಂಥಗಳಲ್ಲಿ ರೂಢಿ. ಆಗ ತಾರ ಷಡ್ಜ 480. ಪಂಚಮವು ಷಡ್ಜದ ಒಂದೂವರೆಪಟ್ಟು, ಅಂದರೆ 360. ಇನ್ನು ಗಾಂಧಾರ. ತಂತಿಯು ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು, ಐದು ಸಮಭಾಗಗಳಾಗಿಯೂ ಕಂಪಿಸುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ತಂಬೂರಿಯ ಮಂದ್ರ ಷಡ್ಜದ ತಂತಿ 120 ಕಂಪನಗಳದು. ಅದರ ಐದನೆಯ ಉಪಸ್ವರ 600. ಇದು 300ರ ಇಮ್ಮಡಿ. ಆದುದರಿಂದಲೇ ಯಾರೂ ನುಡಿಸದಿದ್ದರೂ ಒಳ್ಳೆಯ ತಂಬೂರಿಯಲ್ಲಿ ಗಾಂಧಾರವು ತಾನಾಗಿ ಕೇಳಿಬರುವುದು. ಗಾಯಕರು ಇದನ್ನು ಸ್ವಯಂಭು ಗಾಂಧಾರವೆನ್ನುವರು. ಅಜ್ಜನವರು ಹಿಡಿದಿದ್ದುದು ಈ 300ನ್ನೇ.

ಗಾಂಧಾರವನ್ನು ತಲಪಲು ಇನ್ನೊಂದು ದಾರಿಯೂ ಉಂಟು. ಷಡ್ಜದಿಂದ ಪಂಚಮಕ್ಕೆ ಹೋದಂತೆಯೇ ಮುಂದೆ ಮುಂದೆ ಒಂದೂವರೆಪಟ್ಟು ಏರುತ್ತ ಹೋಗಿರಿ. ಸಪ್ತಕವನ್ನು ಮೀರಿದಾಗ ಅರ್ಧಕ್ಕೆ ಇಳಿಸಿರಿ. 240ರಿಂದ 360, ಅದರಿಂದ 540, ಅರ್ಧಕ್ಕೆ ಇಳಿಸಿದರೆ 270, ಇದು ರಿಷಭ. ರಿಷಭದಿಂದ 405, ಇದು ಧೈವತ. ಧೈವತದಿಂದ 607½, ಅದರ ಅರ್ಧ 303¾. ಗಾಂಧಾರಕ್ಕೆ ಬಂದೆವು, ಆದರೆ 300ಕ್ಕೆ ಬರಲಿಲ್ಲ! 303¾ನ್ನು 300ರಿಂದ ಭಾಗಿಸಿದರೆ 81/80 ದೊರೆಯುವುದು. ಮೂರನ್ನು ಎಷ್ಟು ಸಲ ಗುಣಿಸಿದರೂ ಅದು ಐದರ ಅಪವರ್ತ್ಯವಾಗದು. ಎರಡರಿಂದ ಎಷ್ಟು ಸಲ ಭಾಗಿಸಿದರೂ ಈ ಕೊರತೆ ನೀಗದು. ಈ ಅಂತರಕ್ಕೆ ಪಾಶ್ಚಾತ್ಯರು ಡಿಡಿಮಸ್ ಎಂಬ ಪ್ರಾಚೀನ ಗ್ರೀಕ್ ವಿದ್ವಾಂಸನ ಹೆಸರು ಸೇರಿಸಿ ಡಿಡಿಮಸನ ಕಾಮಾ ಎನ್ನುವರು.

ಇದು ಕಿವಿಗೆ ನಿಲುಕುವಷ್ಟು ದೊಡ್ಡದೇ? ನಿಮ್ಮ ಕಾಲೇಜಿನ ಸೋನೋಮೀಟರಿನಲ್ಲಿ ಪರೀಕ್ಷಿಸಬಹುದು. ಒಂದೇ ದಪ್ಪದ ಎರಡು ತಂತಿಗಳಿಗೆ ಒಂದೇ ತೂಕವನ್ನು ಕಟ್ಟಿ, ಎರಡನ್ನೂ 81 ಸೆಂಟಿಮೀಟರಿಗೆ ನಿಲ್ಲಿಸಿ, ಸ್ವರ ಒಂದಾಗುವಂತೆ ಸರಿಪಡಿಸಿರಿ. ಬಳಿಕ ಒಂದರ ಕುದುರೆಯನ್ನು ಸರಿಸಿ 80 ಸೆಂಟಿಮೀಟರು ಮಾಡಿರಿ. ಸರಿದದ್ದು ಒಂದು ಬೆರಳಿನ ಅಗಲವೂ ಇಲ್ಲ. ಬೇರೆಬೇರೆಯಾಗಿ ಮೀಟಿದರೆ ಎಷ್ಟೋ ಮಂದಿಗೆ ಭೇದ ತಿಳಿಯದು. ಕೂಡಿಸಿ ಮೀಟಿದರೆ ಮಾತ್ರ ನಾದವು ಏರಿಳಿಯುತ್ತ ತೂಗಾಡುವುದು. ಮೊದಲ ತಂತಿ 240 ಆಗಿದ್ದರೆ ಎರಡನೆಯದು 243. ಸೆಕೆಂಡಿಗೆ ಮೂರು ವಿಸ್ಪಂದಗಳು. ತಂಬೂರಿಯ ಮುಂದೆ 303¾ರ ಗಾಂಧಾರವನ್ನು ಹಾಡಿದವನ ಸ್ವರವು ಆ ಉಪಸ್ವರದೊಡನೆ ಸೆಕೆಂಡಿಗೆ ಏಳೂವರೆ ವಿಸ್ಪಂದಗಳನ್ನುಂಟುಮಾಡುವುದು. ಕಿವಿಗೆ ಅದು ಒರಟು.

ಹಾಗಾದರೆ 300ನ್ನೇ ಶಾಶ್ವತವಾಗಿ ಹಿಡಿದರೆ ತೀರಿತಲ್ಲ ಎನ್ನಬಹುದು. ತೀರುವುದಿಲ್ಲ. ಧೈವತವನ್ನೇ ನೋಡಿರಿ. ಮಧ್ಯಮ 320, ಅದರೊಡನೆ ಚೆನ್ನಾಗಿ ಕೂಡುವ ಧೈವತ 400. ಆದರೆ 270ರ ರಿಷಭವು ಕೇಳುವುದು 405ನ್ನು. 400ನ್ನು ಇಟ್ಟುಕೊಂಡರೆ ರಿಷಭವನ್ನು 266⅔ಕ್ಕೆ ಇಳಿಸಬೇಕು. ಆಗ ಅದು ಪಂಚಮದೊಡನೆ ಕೂಡದು. ಒಂದು ಕಡೆ ಮುಚ್ಚಿದ ಬಿರುಕು ಇನ್ನೊಂದು ಕಡೆ ಬಾಯಿಬಿಡುವುದು.

ಪಾಶ್ಚಾತ್ಯರು ಇದಕ್ಕೆ ಕಂಡುಕೊಂಡ ಉಪಾಯ ವ್ಯಾಪಾರಿಯದು: ನಷ್ಟವನ್ನು ಹಂಚಿಬಿಡುವುದು. ಮೊದಲು ನಾಲ್ಕು ಪಂಚಮಗಳಲ್ಲಿ ಕಾಲುಕಾಲು ಕಾಮಾವನ್ನು ಹಂಚಿ ಗಾಂಧಾರವನ್ನು ಉಳಿಸಿದರು. ಮುಂದೆ ಸಪ್ತಕವನ್ನೇ ಹನ್ನೆರಡು ಸಮಪಾಲು ಮಾಡಿದರು. ಇಂದಿನ ಪೇಟಿ ಈ ಎರಡನೆಯ ಕ್ರಮದ್ದು. ಅದರ ಪಂಚಮ 359.6, ದೋಷ ಅತ್ಯಲ್ಪ. ಗಾಂಧಾರ ಮಾತ್ರ 302.4. ಅಜ್ಜನವರ ಕೂದಲೆಳೆ ಇದೇ.

ನಮ್ಮವರು ಈ ಸೂಕ್ಷ್ಮವನ್ನು ಬಹು ಹಿಂದೆಯೇ ಗುರುತಿಸಿದ್ದರು. ನಾಟ್ಯಶಾಸ್ತ್ರದಲ್ಲಿ ಭರತನು ಷಡ್ಜ ಗ್ರಾಮ, ಮಧ್ಯಮ ಗ್ರಾಮ ಎಂಬ ಎರಡು ಸ್ವರವ್ಯವಸ್ಥೆಗಳನ್ನು ಹೇಳಿ, ಎರಡನೆಯದರಲ್ಲಿ ಪಂಚಮವು ಒಂದು ಶ್ರುತಿಯಷ್ಟು ಇಳಿಯುವುದೆಂದೂ, ಆ ಅಂತರವೇ ಪ್ರಮಾಣ ಶ್ರುತಿಯೆಂದೂ ಹೇಳಿದ್ದಾನೆ. ಅದನ್ನು ತೋರಿಸಲು ಎರಡು ವೀಣೆಗಳನ್ನು ಹೋಲಿಸುವ ಪ್ರಯೋಗವನ್ನೂ ವಿವರಿಸಿದ್ದಾನೆ. ಅವನು ಅಂಕಿಯನ್ನು ಕೊಟ್ಟಿಲ್ಲ. 81/80 ಎಂಬುದು ಆಧುನಿಕ ವಿದ್ವಾಂಸರ ವ್ಯಾಖ್ಯಾನ. ನನಗೆ ಅದು ಯುಕ್ತವಾಗಿಯೇ ತೋರುವುದು.

ಈ ವಾದವು ಕಾವೇರಿದ್ದು ನಮ್ಮ ನೆರೆಯಲ್ಲಿಯೇ. ರಾಯಬಾಗದಲ್ಲಿ ರೈಲು ಹತ್ತಿದರೆ ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿ ಮಿರಜ ಸಿಕ್ಕುವುದು. ತಂಬೂರಿಗಳಿಗೆ ಹೆಸರಾದ ಆ ಊರಿನಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿನ ದರ್ಗಾದಲ್ಲಿದೆ. ಪಕ್ಕದ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಸರಕಾರಿ ಅಧಿಕಾರಿಗಳಾಗಿದ್ದು ನಿವೃತ್ತರಾದವರು. ಅವರು 22 ಶ್ರುತಿಗಳ ಮೇಲೆ 1910ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಖಾನರ ಗಾಯನದ ನೆರವೂ, ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧೀಶರ ಸಹಕಾರವೂ ಅವರಿಗೆ ದೊರೆತವು. ಈ ಪ್ರಯತ್ನದ ಫಲವಾಗಿ ಶ್ರುತಿ ಹಾರ್ಮೋನಿಯಂ ಹುಟ್ಟಿತು. ಹನ್ನೆರಡು ಸ್ವರಗಳ ಬದಲು ಶ್ರುತಿಗಳೆಲ್ಲ ಅದರಲ್ಲಿ ಸಿಗಬೇಕೆಂಬುದು ಉದ್ದೇಶ. 1916ರ ಬರೋಡೆಯ ಸಂಗೀತ ಪರಿಷತ್ತಿನಲ್ಲಿ ಅದರ ಮೇಲೆ ತೀವ್ರ ಚರ್ಚೆಯಾಯಿತು, ಭಾತಖಂಡೆಯವರು ಒಪ್ಪಲಿಲ್ಲ. ಅವರ ಗ್ರಂಥದಲ್ಲಿ ಶುದ್ಧ ಧೈವತ 405. ಒಂದು ಪ್ರಮಾಣ ಶ್ರುತಿಯ ಮೇಲೆ ವಿದ್ವಾಂಸರು ಹೀಗೆ ಇಬ್ಬಗೆಯಾದರು.

ಗಾಯಕರು ವಾಸ್ತವವಾಗಿ ಹಾಡುವುದು ಯಾವುದನ್ನು? 1963ರಲ್ಲಿ ಜೈರಾಜಭೋಯ್ ಮತ್ತು ಸ್ಟೋನ್ ಎಂಬವರು ಹಿಂದುಸ್ತಾನಿ ಕಲಾವಿದರ ಸ್ವರಗಳನ್ನು ಯಂತ್ರದಿಂದ ಅಳೆದು ಪ್ರಕಟಿಸಿದರು. ಒಂದೇ ಸ್ವರವು ಕಲಾವಿದರಿಂದ ಕಲಾವಿದರಿಗೆ ಗಣನೀಯವಾಗಿ ವ್ಯತ್ಯಾಸವಾಗುವುದು ಕಂಡುಬಂದಿತು. ಕಂಠಕ್ಕೆ ಮನೆಗಳಿಲ್ಲ, ಅದು ಆಯಾ ಕ್ಷಣದ ನೆರೆಸ್ವರವನ್ನು ನೋಡಿಕೊಂಡು ಸರಿಯಬಲ್ಲುದು. ಪೇಟಿಯ ಮನೆ ಸರಿಯಲಾರದು.

ಆ ತರುಣನು ಮುಂದೆ ನಮ್ಮ ಪ್ರಯೋಗಶಾಲೆಗೆ ಬಂದನು. ಸೋನೋಮೀಟರಿನ ಮುಂದೆ ಒಂದು ಗಂಟೆ ಕುಳಿತು ವಿಸ್ಪಂದಗಳನ್ನೆಣಿಸಿ, ಊರಿಗೆ ಹೋಗಿ ತನ್ನ ಪೇಟಿಯ ಗಾಂಧಾರದ ರೀಡನ್ನು ಬುಡದ ಬಳಿ ಕೆರೆಯಿಸಿ 300ಕ್ಕೆ ಇಳಿಸಿಕೊಂಡನು. ಅಜ್ಜನವರು ಆ ದಿನ ನಿಲ್ಲಿಸದೆ ಹಾಡಿದರಂತೆ. ಅವರ ತರುವಾಯ ಹಾಡಲು ಕುಳಿತ ಹುಡುಗನು ಎತ್ತರದ ಕಂಠದವನು. ಅದೇ ಗಾಂಧಾರದ ಮನೆಯನ್ನು ಷಡ್ಜವಾಗಿ ಹಿಡಿದನು. 300ರ ಷಡ್ಜಕ್ಕೆ ಪಂಚಮ 450 ಇರತಕ್ಕದ್ದು, ಪೇಟಿಯಲ್ಲಿದ್ದದ್ದು 453. ಸೆಕೆಂಡಿಗೆ ಆರು ವಿಸ್ಪಂದಗಳು! ಮರುವಾರ ತರುಣನು ಪೇಟಿಯನ್ನು ಬಗಲಿಗೆ ಇಟ್ಟುಕೊಂಡು ಮತ್ತೆ ಬಂದು, “ಸರ್, ಈಗ ಯಾವ ರೀಡ ಕೆರೀಲ್ರಿ?” ಎಂದು ಕೇಳಿದನು.