ಮೌಸನ್ನು ಕೈಗೆ ಹೊಂದಿಸಿಕೊಳ್ಳುವ ಕ್ರಮ

ಕಂಪ್ಯೂಟರ್ ತರಗತಿಯಲ್ಲಿ ಕೆಲವು ಹುಡುಗಿಯರು ಮಂದಬುದ್ಧಿಯವರೆಂದು ಎಣಿಸಲ್ಪಡುವದುಂಟು. ತೆರೆಯ ಮೇಲಿನ ಬಾಣವು ಅವರ ಸ್ವಾಧೀನಕ್ಕೆ ಬಾರದೆ ಓಡಾಡುತ್ತದೆ. ಗುಂಡಿಯನ್ನು ಎರಡು ಸಾರಿ ಒತ್ತಿದರೂ ಕಡತವು ತೆರೆಯುವದಿಲ್ಲ. ದೋಷವು ಹುಡುಗಿಯದೆಂದು ತೀರ್ಮಾನಿಸುವದಕ್ಕೆ ಮುಂಚೆ ಮೌಸನ್ನು ಪರೀಕ್ಷಿಸತಕ್ಕದ್ದು.

1964ರಲ್ಲಿ ಅಮೆರಿಕಾ ದೇಶದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬವರು ಕಟ್ಟಿದ ಮೊದಲನೆಯ ಮೌಸು ಮರದ್ದಾಗಿತ್ತು. ಅಡಿಯಲ್ಲಿ ಎರಡು ಚಕ್ರಗಳು, ಮೇಲೆ ಒಂದೇ ಗುಂಡಿ. ಈಗಿನದರಲ್ಲಿ ಚಕ್ರಗಳಿಗೆ ಬದಲಾಗಿ ಬೆಳಕು ಇದೆ. ಆದಕಾರಣ ಗಾಜಿನಂತೆ ಹೊಳೆಯುವ ಮೇಜಿನ ಮೇಲೆ ಬಾಣವು ತಡವರಿಸುವದು. ಒಂದು ಸಾದಾ ಕಾಗದವನ್ನು ಹಾಸಿದರೆ ಸಾಕು.

ವಿಂಡೋಸ್ 11ರಲ್ಲಿ ‘ಸೆಟಿಂಗ್ಸ್’ ಎಂಬುದನ್ನು ತೆರೆದು, ‘ಬ್ಲೂಟೂತ್ ಆ್ಯಂಡ್ ಡಿವೈಸಸ್’ ಎಂಬಲ್ಲಿ ‘ಮೌಸ್’ ಎಂಬುದನ್ನು ಆರಿಸಿರಿ. ಬಾಣದ ವೇಗವನ್ನು ಅಲ್ಲಿ 1ರಿಂದ 20ರ ವರೆಗೆ ಏರಿಸಿ ಇಳಿಸಬಹುದು. ಹೊಸಬರು ಇಳಿಸಿಕೊಳ್ಳುವದು ಲೇಸು. ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಏರ್ಪಾಡು ಇದ್ದರೆ, ಕೈಯನ್ನು ಬೇಗನೆ ಆಡಿಸಿದಾಗ ಬಾಣವು ಹೆಚ್ಚು ದೂರವೂ ಮೆಲ್ಲನೆ ಆಡಿಸಿದಾಗ ಕಡಿಮೆ ದೂರವೂ ಹೋಗುವದು. ಚಿತ್ರ ಬರೆಯುವವರಲ್ಲಿ ಕೆಲವರು ಇದನ್ನು ತೆಗೆದುಬಿಡುತ್ತಾರೆ. ಕೈ ಸರಿದಷ್ಟಕ್ಕೆ ಸರಿಯಾಗಿ ಬಾಣವು ಸರಿಯಬೇಕೆಂಬುದೇ ಅವರ ಇಷ್ಟ.

ಎರಡು ಸಾರಿ ಒತ್ತುವ ವಿಷಯದಲ್ಲಿ ಯಂತ್ರವು ಸಾಮಾನ್ಯವಾಗಿ ಕೊಡುವ ಅವಧಿಯು ಅರ್ಧ ಸೆಕೆಂಡು ಮಾತ್ರ. ಬೆರಳು ನಿಧಾನವಾದರೆ ಎರಡು ಒತ್ತುಗಳೂ ಬೇರೆ ಬೇರೆಯೆಂದು ಅದು ಗ್ರಹಿಸುತ್ತದೆ. ‘ಅಡಿಷನಲ್ ಮೌಸ್ ಸೆಟಿಂಗ್ಸ್’ ಎಂಬಲ್ಲಿ ಈ ಅವಧಿಯನ್ನು ಹೆಚ್ಚಿಸಬಹುದು. ಅಲ್ಲಿಯೇ ಇರುವ ಕಡತದ ಚಿತ್ರವನ್ನು ಒತ್ತಿ ನೋಡಿ, ಅದು ತೆರೆದರೆ ಸರಿಯಾಯಿತೆಂದು ತಿಳಿಯಿರಿ.

ಎಡಗೈಯವಳಿಗೆ ಬಲಗೈಯನ್ನೇ ಬಳಸೆಂದು ಗದರಿಸುವದು ನನಗೆ ಸರಿತೋರದು. ‘ಪ್ರೈಮರಿ ಮೌಸ್ ಬಟನ್’ ಎಂಬಲ್ಲಿ ‘ರೈಟ್’ ಎಂದು ಆರಿಸಿದರೆ ಗುಂಡಿಗಳ ಕೆಲಸವು ಅದಲುಬದಲಾಗುವದು. ಆದರೆ ಆ ಕ್ಷಣದಿಂದಲೇ ಬದಲಾಗುವದರಿಂದ, ಮೊದಲಿನಂತೆ ಮಾಡಬೇಕಾದರೂ ಬಲಗಡೆಯ ಗುಂಡಿಯನ್ನೇ ಒತ್ತಬೇಕೆಂಬುದನ್ನು ಮರೆಯಬಾರದು.

ಕಣ್ಣು ಮಂದವಾದವರು ‘ಆ್ಯಕ್ಸೆಸಿಬಿಲಿಟಿ’ ಎಂಬ ಭಾಗದಲ್ಲಿ ಬಾಣವನ್ನು ದೊಡ್ಡದಾಗಿಸಿ ಬಣ್ಣವನ್ನೂ ಬದಲಾಯಿಸಿಕೊಳ್ಳಬಹುದು. ಮೌಸನ್ನು ಹಿಡಿಯಲಾರದವರಿಗೆ ‘ಮೌಸ್ ಕೀಸ್’ ಇದೆ, ಅಂಕೆಗಳ ಕೀಲಿಗಳಲ್ಲಿ 8 ಮೇಲಕ್ಕೂ 2 ಕೆಳಕ್ಕೂ 4 ಎಡಕ್ಕೂ 6 ಬಲಕ್ಕೂ ಬಾಣವನ್ನು ನಡಿಸುವವು, 5 ಗುಂಡಿಯಾಗುವದು.

ಹಲವರು ಒಂದೇ ಯಂತ್ರವನ್ನು ಒಂದೇ ಹೆಸರಿನಿಂದ ಉಪಯೋಗಿಸುವಲ್ಲಿ ಒಬ್ಬಳ ಏರ್ಪಾಡು ಮುಂದಿನವಳಿಗೆ ತೊಡಕಾಗುವದು. ಸಾಧ್ಯವಾದರೆ ಒಬ್ಬೊಬ್ಬಳಿಗೂ ಬೇರೆ ಖಾತೆಯನ್ನು ಮಾಡಿಕೊಡಬೇಕು. ಇಲ್ಲವಾದರೆ ಏಳುವ ಮುಂಚೆ ಎಲ್ಲವನ್ನೂ ಮೊದಲಿನಂತೆ ಇಟ್ಟು ಹೋಗತಕ್ಕದ್ದು.