ನಡಿಗೆಯೂ ಇರಲಿ, ಚಿಕಿತ್ಸೆಯೂ ಸಾಗಲಿ

ಮಗಳೇ,

ಮದುವೆಯಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಛತ್ರದಲ್ಲಿ ಸಿಕ್ಕವರೆಲ್ಲ ‘ಇನ್ನೂ ಏನೂ ವಿಶೇಷ ಇಲ್ವೇನೇ?’ ಎಂದು ಕೇಳತೊಡಗುತ್ತಾರೆ. ಅದೇ ಉಸಿರಿನಲ್ಲಿ ‘ಸ್ವಲ್ಪ ಮೈ ಇಳಿಸು, ತಾನಾಗೇ ಆಗುತ್ತೆ’ ಎಂದು ಸೇರಿಸುತ್ತಾರೆ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದುಕೊಂಡೇ ತಲೆ ನರೆತವಳು ನಾನು. ಆ ಮಾತಿನಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಕೇಳು.

ಮೊದಲು ನಿಜ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದಾಗ ಮೈ ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗುತ್ತದೆ. ಆಗ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಅದು ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಅಂಡ ಬಲಿಯದೆ ಅರ್ಧಕ್ಕೇ ನಿಂತು ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇರುವ ಬಹಳ ಹೆಣ್ಣುಮಕ್ಕಳ ಒಳಗೆ ನಡೆಯುವುದು ಇದೇ. ನೀನು ಚುರುಕಾಗಿ ನಡೆದಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ, ಇನ್ಸುಲಿನ್ ಮೇಲಿನ ಹೊರೆ ಇಳಿಯುತ್ತದೆ. ತೂಕದ ಮೆಷಿನ್ ಏನೂ ತೋರಿಸದ ವಾರಗಳಲ್ಲೂ ಈ ಕೆಲಸ ಸಾಗುತ್ತಿರುತ್ತದೆ. ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹಾದಿಗೆ ಬರುತ್ತದೆ. 80 ಕೆಜಿ ಇರುವವಳಿಗೆ ಅದು 4ರಿಂದ 8 ಕೆಜಿ, ಅಷ್ಟೇ. ಮದುವೆಯ ರವಿಕೆ ಮತ್ತೆ ಹಿಡಿಸಲೇಬೇಕೆಂದು ಹಟ ಹಿಡಿಯಬೇಡ.

ಇನ್ನು ಸುಳ್ಳು. ಅದೇ ಮಾತು ಬೆಳೆದು ‘ಪೂರ್ತಿ ಸಣ್ಣಗಾಗಿ ಬಾ, ಆಮೇಲೆ ಚಿಕಿತ್ಸೆ’ ಎಂದಾದರೆ ಅದು ಎಲ್ಲರಿಗೂ ಒಗ್ಗುವುದಿಲ್ಲ. ನೆದರ್‌ಲೆಂಡ್ಸ್‌ನಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 29 ಅಥವಾ ಅದಕ್ಕಿಂತ ಹೆಚ್ಚಿದ್ದ 577 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ 6 ತಿಂಗಳು ಪಥ್ಯ, ವ್ಯಾಯಾಮ, ಆಮೇಲೆ ಚಿಕಿತ್ಸೆ. ಇನ್ನೊಂದಕ್ಕೆ ನೇರವಾಗಿ ಚಿಕಿತ್ಸೆ. 2016ರಲ್ಲಿ ಫಲಿತಾಂಶ ಬಂತು. ಎರಡು ವರ್ಷದೊಳಗೆ ದಿನ ತುಂಬಿ, ಸಹಜ ಹೆರಿಗೆಯಲ್ಲಿ ಆರೋಗ್ಯದ ಒಂದು ಮಗು ಹೆತ್ತವರು ಮೊದಲ ಗುಂಪಿನಲ್ಲಿ ನೂರಕ್ಕೆ 27, ಎರಡನೆಯದರಲ್ಲಿ 35. ಕಾದದ್ದರಿಂದ ಲಾಭವಾಗಲಿಲ್ಲ. ಆದರೆ ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿ ಬಸಿರು ನಿಂತದ್ದು ವ್ಯಾಯಾಮದ ಗುಂಪಿನಲ್ಲೇ ಹೆಚ್ಚು: ನೂರಕ್ಕೆ 26, ಇನ್ನೊಂದರಲ್ಲಿ 16. ಸ್ವೀಡನ್ನಿನಲ್ಲೂ ಐವಿಎಫ್‌ಗೆ (ದೇಹದ ಹೊರಗೆ ಭ್ರೂಣ ಬೆಳೆಸುವ ಚಿಕಿತ್ಸೆಗೆ) ಮೊದಲು ಬಿಗಿಯಾದ ಪಥ್ಯ ಮಾಡಿಸಿ ಸರಾಸರಿ 9 ಕೆಜಿ ಇಳಿಸಿ ನೋಡಿದರು. ಮಗು ಪಡೆದವರ ಪ್ರಮಾಣ ಹೆಚ್ಚಲಿಲ್ಲ.

ಹಾಗಾಗಿ ನಿನ್ನ ವಯಸ್ಸನ್ನು ಮೊದಲು ಲೆಕ್ಕಕ್ಕೆ ತಗೋ. 26ರವಳು ಆರು ತಿಂಗಳು ನಡೆದು ನೋಡಬಹುದು. 37ರವಳಿಗೆ ಅದೇ ಆರು ತಿಂಗಳು ದುಬಾರಿ, ಏಕೆಂದರೆ 35 ದಾಟಿದ ಮೇಲೆ ಅಂಡಗಳು ಬೇಗ ಬೇಗ ಕಡಿಮೆಯಾಗುತ್ತವೆ. ಹಾಗೆಂದು ತೂಕದ ವಿಷಯ ಎತ್ತಿದ ವೈದ್ಯರನ್ನೆಲ್ಲ ಬೈಯಬೇಡ. ಅಂಡ ತೆಗೆಯುವಾಗ ಕೊಡುವ ಅರಿವಳಿಕೆ, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ, ಬಿಪಿ, ಇವೆಲ್ಲದರ ಅಪಾಯ ಬೊಜ್ಜಿದ್ದವರಿಗೆ ಹೆಚ್ಚು. ವೈದ್ಯರಿಗೂ ಆ ಚಿಂತೆ ಇರುತ್ತದೆ.

ವ್ಯಾಯಾಮ ಹೇಗೆ ಎಂದೆಯಲ್ಲ? ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ‘ಬೆಳಗಿಂದ ಮನೆಕೆಲಸ ಮಾಡ್ತೀನಲ್ಲ’ ಎಂದರೆ, ಉಸಿರು ಏರಿದ ಕೆಲಸವಷ್ಟೇ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳು, ಕೂರು; ಗೋಡೆಗೆ ಅಂಗೈ ಒತ್ತಿ ಮೈಯನ್ನು ಹಿಂದಕ್ಕೆ ತಳ್ಳು. ಸೋಮವಾರ, ಗುರುವಾರ ಎಂದು ಉಪವಾಸ ಬಿದ್ದು ತೂಕ ಇಳಿಸಲು ಹೋಗಬೇಡ. ತಟ್ಟೆಯಲ್ಲಿ ಅನ್ನ ಕಡಿಮೆಯಾಗಲಿ, ಕಾಳು, ಸೊಪ್ಪು ಹೆಚ್ಚಲಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರಾಗುವ ಮೊದಲಿನಿಂದಲೇ ನುಂಗಬೇಕು. ನಿನ್ನ ತೂಕಕ್ಕೆ ಎಷ್ಟು ಬೇಕು ಎಂದು ವೈದ್ಯರನ್ನೇ ಕೇಳು.

ಚಿಕಿತ್ಸೆಯಲ್ಲಿ ಅಂಡ ಬೆಳೆಸುವ ಇಂಜೆಕ್ಷನ್ ಶುರುವಾದ ಮೇಲೆ ಮಾತ್ರ ಎಚ್ಚರ. ಅಂಡಾಶಯ ಊದಿಕೊಂಡಿರುತ್ತದೆ, ತಿರುಚಿಕೊಂಡರೆ ಆಪರೇಷನ್ ಮಾಡಬೇಕಾಗಿ ಬರಬಹುದು. ಓಟ, ಜಿಗಿತ, ಸೊಂಟ ತಿರುಗಿಸುವ ಆಸನ ಬಿಟ್ಟು ನಿಧಾನವಾಗಿ ನಡೆ. ಭ್ರೂಣವನ್ನು ಗರ್ಭಕ್ಕೆ ಬಿಟ್ಟ ಮೇಲೆ ಕೊರಡಿನಂತೆ ಮಲಗಿರಬೇಕೆಂದು ಮನೆಯವರು ಹೇಳುತ್ತಾರೆ. ಮಲಗಿದ್ದರಿಂದ ಭ್ರೂಣ ಹೆಚ್ಚು ಗಟ್ಟಿಯಾಗಿ ನಿಲ್ಲುವುದಿಲ್ಲ. ಸಾಧಾರಣವಾಗಿ ಓಡಾಡಿಕೊಂಡಿರು.

ನಡೆಯಲು ಗಂಡನನ್ನೂ ಎಬ್ಬಿಸಿಕೊಂಡು ಹೋಗು. ಮಗುವಾಗದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ಅವನ ಬೊಜ್ಜೂ ವೀರ್ಯಕ್ಕೆ ಕೆಡುಕು. ನಿನಗೆ ನಾಲ್ಕಾರು ಸ್ಕ್ಯಾನಿಂಗ್ ಆಗುವ ಮೊದಲೇ ಅವನ ವೀರ್ಯ ಪರೀಕ್ಷೆ ಆಗಲಿ. ಅದು ಸುಲಭದ, ಕಡಿಮೆ ಖರ್ಚಿನ ಪರೀಕ್ಷೆ.

ಒಂದು ಸಲ ಚಿಕಿತ್ಸೆ ಫಲಿಸದಿದ್ದರೆ ‘ಅವತ್ತು ನಾನು ನಡೆಯಲಿಲ್ಲ, ಅದಕ್ಕೇ ಹೀಗಾಯ್ತು’ ಎಂದು ಕೊರಗಬೇಡ. ತೆಳ್ಳಗಿರುವವರಿಗೂ ಐವಿಎಫ್ ಕೈಕೊಡುತ್ತದೆ. ಮಗು ಬಂದರೂ ತಡವಾದರೂ ನೀನು ನಡೆದದ್ದು ನಿನ್ನ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಜಮೆಯಾಗಿರುತ್ತದೆ.

ಮುಂದಿನ ಸಲ ವೈದ್ಯರ ಎದುರು ಕೂತಾಗ ಮೂರು ಪ್ರಶ್ನೆ ಕೇಳು: ನನ್ನ ವಯಸ್ಸಿಗೆ ಎಷ್ಟು ತಿಂಗಳು ಕಾಯಬಹುದು? ಎಷ್ಟು ಕೆಜಿ ಇಳಿದರೆ ಸಾಕು? ಇಳಿಸುತ್ತಲೇ ಚಿಕಿತ್ಸೆ ಶುರು ಮಾಡಬಹುದೇ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಬಾ. ನಡಿಗೆ ಮಾತ್ರ ನಾಳೆ ಬೆಳಗ್ಗೆಯೇ ಶುರುವಾಗಲಿ, ಅದಕ್ಕೆ ಯಾರ ಚೀಟಿಯೂ ಬೇಡ.